ಚಳಿಯಪ್ಪನ ಡಿಸೆಂಬರ್ ಪುಟ

ಬೆಸುಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಫೋಟೋಗ್ರಾಫರನಿಗೆ ಬೀದಿಯವರು ಇಟ್ಟ ಹೆಸರು ಚಳಿಯಪ್ಪ. ಹೆಸರು ಕೇಳಿ ಮೋಸ ಹೋಗಬೇಡಿ, ಆ ಮಹಾನುಭಾವ ಹುಟ್ಟಿದಾಗಿನಿಂದ ಹಿಮದ ಮುಖ ಕಂಡವನಲ್ಲ. ಐವತ್ತಾರು ವರ್ಷದಲ್ಲಿ ಅವನು ಕೈಯಾರೆ ಮುಟ್ಟಿದ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾದದ್ದು. ಅದನ್ನೂ ಹೆಂಡತಿಯ ಬೈಗುಳ ತಾಳಲಾರದೆ ಸೌಟಿನ ಹಿಡಿಯಿಂದ ಕೆರೆದು ತೆಗೆದದ್ದು. ಇಂಥವನು ಹದಿನೆಂಟು ವರ್ಷದಿಂದ, ಹಿಮದಲ್ಲಿ ನಿಂತ ಫೋಟೋ ಬೇಕೆಂದು ಬಂದ ಊರಿನವರ ತಲೆಯ ಮೇಲೆ ಹಿಮ ಸುರಿಸುತ್ತಿದ್ದ. "ಈಜು ಬಾರದವನು ಈಜು ಕಲಿಸೋಕೆ ಕೂತ ಹಾಗೆ ಸಾರ್ ನನ್ನ ಕಥೆ" ಎಂದು ಗಿರಾಕಿಗಳಿಗೆ ತಾನೇ ಹೇಳಿ, ಅವರಿಗಿಂತ ಮೊದಲು ತಾನೇ ನಗುತ್ತಿದ್ದ.

ಹಿಮದ ಕಾರ್ಖಾನೆಯೆಲ್ಲ ಹೆಂಡತಿಯದು. ಹಳೇ ಹಾಸಿಗೆಯ ಹತ್ತಿ ಹಿಂಜಿ ನೆಲಕ್ಕೆ ಹಾಸುವವಳು ಅವಳು, ಥರ್ಮೋಕೋಲ್ ತುರಿದು ಬುಟ್ಟಿ ತುಂಬಿಸುವವಳು ಅವಳು, ಗಿರಾಕಿಗಳ ಬೆವರು ಕುಡಿದ ಉಣ್ಣೆ ಕೋಟುಗಳನ್ನು ಬಿಸಿಲಿಗೆ ಹಾಕಿ ವಾಸನೆ ಬಿಡಿಸುವವಳೂ ಅವಳೇ. ಗಂಡನ ಪಾಲಿಗೆ ಬಂದದ್ದು ಕಲೆ. ಕಲೆ ಎಂದರೆ ಟೇಬಲ್ ಫ್ಯಾನಿನ ಮುಂದೆ ನಿಂತು ಥರ್ಮೋಕೋಲ್ ಎರಚುವುದು, ಉಸಿರಿನ ಹಬೆ ಕಾಣಲೆಂದು ಗಿರಾಕಿಯ ಗಲ್ಲದ ಕೆಳಗೆ ಕುದಿಯುವ ಕೆಟಲ್ ಹಿಡಿಯುವುದು, ಮೂಗಿನ ತುದಿಗೆ ಒಂದು ಚೂರು ಲಿಪ್‌ಸ್ಟಿಕ್ ಸವರುವುದು. ಹಿಂದಿನ ಪರದೆಯ ಮೇಲೆ ಬೋರ್ಡ್ ಬರೆಯುವವನೊಬ್ಬ ಹಿಮದ ಬೆಟ್ಟ ಬಿಡಿಸಿಕೊಟ್ಟಿದ್ದ. ಜಾಗ ಖಾಲಿ ಉಳಿಯಿತೆಂದು, ಯಾರನ್ನೂ ಕೇಳದೆ, ಬೆಟ್ಟದ ಬುಡಕ್ಕೊಂದು ಬಾಳೆಗಿಡವನ್ನೂ ಸೇರಿಸಿದ್ದ. ಅದನ್ನು ಮರೆಮಾಡಲು ಚಳಿಯಪ್ಪ ಎಲ್ಲರನ್ನೂ ಎಡಕ್ಕೇ ನಿಲ್ಲಿಸುತ್ತಿದ್ದ.

ಇಷ್ಟೆಲ್ಲ ಇದ್ದೂ ಒಂದು ಮಾತ್ರ ಅವನ ಕೈಗೆ ದಕ್ಕಿರಲಿಲ್ಲ, ಚಳಿಯಾದ ಮುಖ. ನಾಲ್ಕು ದೀಪಗಳ ಕಾವಿನಲ್ಲಿ, ಮಂಡಿಯವರೆಗಿನ ಕೋಟು ಹೊದ್ದು, ಯಾರು ತಾನೇ ನಡುಗುತ್ತಾರೆ? "ಸ್ವಲ್ಪ ನಡುಗಿ ಸಾರ್" ಎಂದರೆ ಗುಮಾಸ್ತರೊಬ್ಬರು ಎರಡು ಕಾಲೂ ಒತ್ತಿ ಹಿಡಿದು ಹಲ್ಲು ಕಚ್ಚಿದರು. ಚಿತ್ರ ನೋಡಿದ ಅವರ ಮಗಳು, ಅಪ್ಪನಿಗೆ ಪಾಯಖಾನೆ ಎಲ್ಲಿದೆ ಅಂತ ಹೇಳಬಾರದಿತ್ತಾ ಎಂದು ಕೇಳಿದಳು.

ಛಾಯಾಗ್ರಾಹಕರ ಸಂಘ ಪ್ರತಿವರ್ಷ ಕ್ಯಾಲೆಂಡರ್ ತರುತ್ತಿತ್ತು. ಅದರ ಡಿಸೆಂಬರ್ ಪುಟಕ್ಕೆ ಚಳಿಯಪ್ಪ ಒಂಬತ್ತು ಸಲ ಚಿತ್ರ ಕಳಿಸಿದ್ದ, ಒಂಬತ್ತು ಸಲವೂ ಅದು ಹೋದ ದಾರಿಯಲ್ಲೇ ವಾಪಸಾಗಿತ್ತು. "ಹಿಮ ಇದೆ, ಚಳಿ ಇಲ್ಲ" ಎಂದು ಅಧ್ಯಕ್ಷರು ಒಂದು ಸಾಲು ಬರೆಯುತ್ತಿದ್ದರು. ಕಳೆದ ವರ್ಷ ಮಾತ್ರ "ಬಾಳೆಗಿಡ ಚೆನ್ನಾಗಿ ಬಂದಿದೆ" ಎಂದು ಬರೆದಿದ್ದರು. ಆ ಪತ್ರವನ್ನು ಅವನು ಬೀದಿಗೆಲ್ಲ ಓದಿ ಹೇಳಿ ನಗಿಸಿದ. ಒಳಗೆ ಮಾತ್ರ ಮುಳ್ಳು ಮುರಿದಂತಾಗಿತ್ತು. ಕಣ್ಣು, ಮಂಡಿ ಎರಡೂ ಕೈಕೊಡುವ ಮುಂಚೆ ಆ ಒಂದು ಪುಟ ತನ್ನದಾಗಬೇಕು ಎಂಬುದು ಅವನ ಜೀವದ ಆಸೆ.

ಈ ವರ್ಷ ಚಿತ್ರ ಕಳಿಸಲು ಕೊನೆಯ ದಿನ ಬಂತು. ಚಿತ್ರಕ್ಕೆ ನಿಲ್ಲಲು ಬರುತ್ತೇನೆಂದಿದ್ದ ಟೀಚರಮ್ಮ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಕೈಯೆತ್ತಿಬಿಟ್ಟರು. ಚಳಿಯಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಮೂಲೆಯ ಬೆಂಚಿನ ಮೇಲೆ ಹೆಂಡತಿ ಮುದುಡಿ ಮಲಗಿದ್ದಳು.

"ಏನೇ, ಎದ್ದೇಳು, ಕೋಟು ಹಾಕ್ಕೋ. ನೀನೇ ನಿಂತ್ಕೋಬೇಕು ಇವತ್ತು."

"ಯಾಕೋ ಮೈ ಸರಿ ಇಲ್ಲ ರೀ. ಬೆಳಿಗ್ಗೆಯಿಂದ ಚಳಿ ಚಳಿ ಅನ್ನಿಸ್ತಿದೆ."

"ಆಹಾ, ಇದಪ್ಪಾ ಮಾತು! ಅದನ್ನೇ ಮುಖದಲ್ಲಿ ತೋರಿಸು ಮತ್ತೆ."

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಎದ್ದು ಕೋಟು ಹಾಕಿಕೊಂಡು ಎಡಕ್ಕೆ ನಿಂತಳು. ಲಿಪ್‌ಸ್ಟಿಕ್ ಹಿಡಿದು ಹೋದರೆ ಮೂಗು ಆಗಲೇ ಕೆಂಪಗಿತ್ತು. ಇವತ್ತು ಬೆಳಕು ಕೂಡಿಬಂದಿದೆ ಎಂದುಕೊಂಡ ಪುಣ್ಯಾತ್ಮ. ಅವಳ ಹೆಗಲು ಕುಗ್ಗಿತ್ತು, ತುಟಿ ಒಣಗಿತ್ತು, ಕಣ್ಣಲ್ಲಿ ನೀರು ನಿಂತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಯಪ್ಪನಿಗೆ ಮೈಮೇಲೆ ಬಂದ ಹಾಗಾಯಿತು.

"ಅಬ್ಬಬ್ಬಾ! ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ವರ್ಷ ಈ ಕಲೇನ?"

"ಸಾಕು ರೀ. ಆ ಫ್ಯಾನ್ ಆರಿಸಿ."

"ಇನ್ನೊಂದೇ ಒಂದು!"

ಫೋಟೋಗ್ರಾಫರನ ಇನ್ನೊಂದೇ ಒಂದು ಎಂದರೆ ಎಷ್ಟು ಅಂತ ಮದುವೆಮನೆಯಲ್ಲಿ ನಿಂತವರಿಗೆ ಗೊತ್ತಿರುತ್ತದೆ. ಅವನು ಫ್ಯಾನ್ ಆರಿಸಲಿಲ್ಲ, ಇನ್ನಷ್ಟು ಜೋರು ಮಾಡಿದ. ಅವಳು ಹತ್ತಿಯ ಮೇಲೆ ಕುಸಿದು ಕೂತಳು. "ಈ ಭಂಗಿ ಇನ್ನೂ ಚೆನ್ನಾಗಿದೆ" ಎಂದು ಅದನ್ನೂ ತೆಗೆದ. ಅವಳು ಪಕ್ಕಕ್ಕೆ ವಾಲಿದಳು. ಎಬ್ಬಿಸೋಣವೆಂದು ಕೈ ಹಿಡಿದರೆ ಕೈ ಕಾದ ಹಂಚಿನಂತೆ ಸುಡುತ್ತಿತ್ತು.

ಕೆಳಗಿನ ಬೆಸುಗೆಯವನನ್ನು ಕೂಗಿ ಕರೆದು, ಇಬ್ಬರೂ ಸೇರಿ ಅವಳನ್ನು ಎದುರಿನ ಆಸ್ಪತ್ರೆಗೆ ಹೊತ್ತೊಯ್ದರು. ಡಾಕ್ಟರಮ್ಮ ಅವಳ ಕೂದಲಿನಿಂದ ಥರ್ಮೋಕೋಲ್ ಚೂರೊಂದನ್ನು ಹೆಕ್ಕಿ, ಅದನ್ನೊಮ್ಮೆ, ಇವನನ್ನೊಮ್ಮೆ ನೋಡಿದರು.

"ನೂರಾಮೂರು ಡಿಗ್ರಿ ಜ್ವರ ಇದೆಯಲ್ರೀ! ಇವರು ನಡುಗ್ತಾ ಇದ್ದದ್ದು ನಿಮಗೆ ಕಾಣ್ಲಿಲ್ವಾ?"

"ಕಾಣ್ತು ಡಾಕ್ಟ್ರೇ," ಎಂದ ಚಳಿಯಪ್ಪ. "ತುಂಬಾ ಚೆನ್ನಾಗಿ ಕಾಣ್ತು."

ಇಲ್ಲಿಗೆ ಮುಗಿದಿದ್ದರೆ ಪೆದ್ದ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಸಂಜೆ ನಾಲ್ಕೂವರೆಗೆ, ಅವಳ ಕೈಗೆ ಗ್ಲೂಕೋಸ್ ಇಳಿಯುತ್ತಿರುವಾಗ, ಈ ಮಹಾರಾಯ ಮಾತ್ರೆ ತರುತ್ತೇನೆಂದು ನರ್ಸಿಗೆ ಸುಳ್ಳು ಹೇಳಿ, ಮಂಡಿನೋವನ್ನೂ ಮರೆತು ಸ್ಟುಡಿಯೋದ ಮೆಟ್ಟಿಲು ಹತ್ತಿ, ಚಿತ್ರವನ್ನು ಸಂಘಕ್ಕೆ ಕಳಿಸಿ ಬಂದ. ಅವನ ಪರ ವಹಿಸಿ ಮಾತಾಡೋಣವೆಂದರೆ ನಾಲಿಗೆ ಏಳುವುದಿಲ್ಲ. ವಾಪಸ್ ಬಂದು ಅವಳ ಕಾಲ ಬಳಿ ಕೂತಾಗ ಅವನಿಗೂ ತನ್ನ ಮೇಲೆ ಹೇಸಿಗೆಯಾಯಿತು.

ನಾಲ್ಕನೆಯ ದಿನ ಜ್ವರ ಇಳಿದು ಮನೆಗೆ ಬಂದರು. ಅವಳು ಮಂಚದ ಮೇಲೆ ಕೂತು ಹಾಲಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಾಗ ಅಧ್ಯಕ್ಷರ ಫೋನ್ ಬಂತು. ಅವರ ದನಿಗೆ ಸ್ಪೀಕರ್ ಬೇಕಿರಲಿಲ್ಲ, ಗೋಡೆಯಾಚೆಯವರಿಗೂ ಕೇಳಿಸುತ್ತಿತ್ತು.

"ಹೊಡೆದ್ರಿ ಕಣ್ರೀ! ಡಿಸೆಂಬರ್ ನಿಮ್ಮದೇ! ಯಾರ್ರೀ ಆ ಹೆಂಗಸು, ಏನು ನಟನೆ! ಕೆಳಗೆ ಹಾಕೋಕೆ ಒಂದು ಸಾಲು ಬರೆದು ಕಳಿಸಿ."

ಹತ್ತು ವರ್ಷ ಕಾದ ಮಾತು ಕಿವಿಗೆ ಬಿದ್ದರೂ ಚಳಿಯಪ್ಪ ತಲೆ ತಗ್ಗಿಸಿ ಫೋನ್ ಇಟ್ಟ. ಹೆಂಡತಿ ಕೈ ಚಾಚಿದಳು. "ಕೊಡಿ ಇಲ್ಲಿ ಆ ಚಿತ್ರ, ನೋಡೋಣ." ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಆಯ್ತು. ನೀವು ಒಂದೇ ಸಮನೆ ಇಷ್ಟು ಹೊತ್ತು ನನ್ನ ಮುಖ ನೋಡಿದ್ದು ಇದೇ ಮೊದಲು. ಆದ್ರೂ ಕಾಣ್ಲಿಲ್ವಲ್ಲ ರೀ ನಿಮಗೆ."

ಚಳಿಯಪ್ಪನ ಕಣ್ಣು ತುಂಬಿಕೊಂಡು ಬಂತು.

"ಬೇಡ ಅಂತ ಹೇಳ್ಬಿಡ್ತೀನಿ. ಹಾಳಾಗ್ಲಿ ಆ ಪುಟ."

"ಯಾಕೆ ಬೇಡ? ನಾನು ನಡುಗಿದ್ದು ದಂಡವಾಗ್ಬೇಕಾ? ಬರ್ಲಿ. ಆದ್ರೆ ಕೆಳಗಿನ ಸಾಲು ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಕ್ಯಾಲೆಂಡರ್ ಬಂತು. ಡಿಸೆಂಬರ್ ಪುಟದಲ್ಲಿ ಚಿತ್ರದ ಕೆಳಗೆ, ಫೋಟೋಗ್ರಾಫರನ ಹೆಸರಿಗಿಂತ ಮೇಲೆ, ಅವಳು ಹೇಳಿದ್ದು ಹೇಳಿದ ಹಾಗೇ ಅಚ್ಚಾಗಿತ್ತು: "ಇವಳಿಗೆ ಆಗ ನೂರಾಮೂರು ಡಿಗ್ರಿ ಜ್ವರ. ಎದುರಿಗೆ ನಿಂತಿದ್ದ ಗಂಡನಿಗೆ ಗೊತ್ತಾಗಲಿಲ್ಲ."

ಬೀದಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು, "ತಮಾಷೆಗೆ ತಾನೇ ಬರೆದದ್ದು?" ಎಂದು ಕೇಳಿದರು. ಹೌದೆಂದು ಅವರ ಜೊತೆ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ನಕ್ಕು ಪಾರಾಗುವುದರಲ್ಲಿ ಅವನು ಪಳಗಿದ ಕೈ. ಆದರೆ ಕೇಳಿದವರಿಗೆಲ್ಲ ಚಳಿಯಪ್ಪ, ನಗದೆ, ಒಂದೇ ಉತ್ತರ ಕೊಟ್ಟ.

"ಅಲ್ಲ, ನಿಜ. ನನಗೆ ಗೊತ್ತಾಗ್ಲಿಲ್ಲ."