ಫ್ಲೆಕ್ಸಿನಿಂದ ಬಿಡಿಸಿ ತಂದ ಹುಡುಗಿ

ಹೋದ ವರ್ಷ ಶಾಲೆಗಳು ಶುರುವಾಗುವ ಹಿಂದಿನ ದಿನ. ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬೆಳಿಗ್ಗೆ ಬಾಗಿಲು ತೆಗೆಯಲು ಹೋದವಳು ಎದುರಿಗೆ ನೋಡಿ ಅಲ್ಲೇ ನಿಂತುಬಿಟ್ಟೆ. ಸಿನಿಮಾ ನಟನೊಬ್ಬನ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ‘ಮಾರಾಟವಾದ ಮಕ್ಕಳ ರಕ್ಷಕ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅವನು ಯಾರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದನೋ ಆ ಹುಡುಗಿ ನನ್ನ ತಂಗಿಯ ಮಗಳು!

ಕೆಲಸ ಕೊಡಿಸುತ್ತೇವೆಂದು ನಂಬಿಸಿ ಕರೆದೊಯ್ದವರು ಅವಳನ್ನು ಮಾರಿದ್ದರು. ಪೊಲೀಸರು ಬಿಡಿಸಿ ತಂದರು, ಆಮೇಲೆ ನನ್ನ ಜೊತೆಗೇ ಇದ್ದಳು. ಊರಿನಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಎಷ್ಟೋ ತಿಂಗಳು ಮನೆಯಿಂದ ಹೊರಗೆ ಕಾಲಿಡದವಳು, ಮರುದಿನ ಇದೇ ಸ್ಟ್ಯಾಂಡಿನಲ್ಲಿ ಬಸ್ ಹತ್ತಿ ಹೊಳಲ್ಕೆರೆಯ ಹೊಸ ಶಾಲೆಗೆ ಹೋಗಲು ಒಪ್ಪಿದ್ದಳು.

ಆ ಫೋಟೊ ಚಿತ್ರದುರ್ಗದಲ್ಲಿ ನಟನ ಟ್ರಸ್ಟ್ ನಡೆಸಿದ ಕಾರ್ಯಕ್ರಮದ್ದು. ಅವಳನ್ನು ಬಿಡಿಸಿ ತಂದ ಹೊಸದರಲ್ಲೇ, ಓದಿಗೆ ನೆರವು ಕೊಡುತ್ತೇವೆಂದು ಕರೆಸಿದ್ದರು. ಕ್ಯಾಮೆರಾ ಕಂಡು ನಾನು ಬೇಡವೆಂದಾಗ, ‘ಫೈಲಿಗಷ್ಟೇ ಅಮ್ಮ, ಹೊರಗೆ ಹೋಗಲ್ಲ’ ಎಂದಿದ್ದರು. ಈಗ ಟ್ರಸ್ಟಿಗೆ ಫೋನ್ ಮಾಡಿದರೆ, ‘ಫ್ಯಾನ್ಸ್ ಹಾಕ್ಕೊಂಡಿದ್ದಾರೆ, ನಾವೇನು ಮಾಡೋಕಾಗುತ್ತೆ ಮೇಡಂ? ಒಳ್ಳೇ ಕೆಲಸಕ್ಕೆ ಪ್ರಚಾರ ಬೇಕಲ್ವಾ?’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಂಗಡಿಯಿಂದ ಸ್ಟೂಲು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಹತ್ತಿದೆ. ಮುಖವೊಂದನ್ನೇ ತೆಗೆದರೆ ಸಾಲದು, ಅವಳು ತೊಟ್ಟಿದ್ದ ಚೂಡಿದಾರ ನಾನೇ ಹೊಲಿದದ್ದು, ಗುರುತು ಹಿಡಿಯುವವರು ಹಿಡಿದೇಬಿಡುತ್ತಾರೆ. ಇಡೀ ಹುಡುಗಿಯನ್ನೇ ತೆಗೆಯಬೇಕೆಂದರೆ ಹೆಗಲ ಮೇಲಿನ ನಟನ ಕೈಯೂ ಬರಬೇಕು. ಬರಲಿ ಎಂದು ಕತ್ತರಿ ಹಾಕಿದೆ.

ಅಭಿಮಾನಿ ಹುಡುಗರು ಓಡಿ ಬಂದರು. “ಏಯ್, ಏನಮ್ಮ ಇದು? ಇಳೀರಿ ಕೆಳಗೆ! ನಮ್ ಬಾಸ್ ಕೈನೇ ಕತ್ತರಿಸ್ತಿದೀರಲ್ಲ!”

“ಹುಡುಗಿ ಮುಖ ಊರಿಗೆಲ್ಲ ತೋರಿಸಿದೀರಲ್ಲ, ಅದು ಕಾಣಲ್ವೇನ್ರೋ ನಿಮಗೆ?”

“ಆ ಹುಡುಗಿ ನಿಮಗೇನಾಗ್ಬೇಕು?”

ನನ್ನ ಮಗು ಎನ್ನುವ ಮಾತು ಬಾಯಿಗೆ ಬಂದಿತ್ತು. ಹೇಳಿದ್ದರೆ ನಾನೇ ಅವಳ ಗುರುತು ಕೊಟ್ಟಂತಾಗುತ್ತಿತ್ತು. ನುಂಗಿಕೊಂಡೆ.

“ಯಾರ್ ಮಗಳಾದ್ರೆ ನಿಂಗೇನೋ? ಇಂಥ ಮಕ್ಕಳ ಮುಖ ಹಾಕ್ಬಾರ್ದು ಅಂತ ಕಾನೂನೈತೆ. ಪೊಲೀಸ್ನೋರ್ನ ಕರೀಲೇನು?” ಎಂದು ಕಿರುಚಿದೆ. ಹುಡುಗರು ಹಿಂದೆ ಸರಿದರು. ಕತ್ತರಿಸಿದ್ದನ್ನು ಸುತ್ತಿಕೊಂಡು ಅಂಗಡಿಯೊಳಗೆ ಹೋಗಿ ಚೂರುಚೂರು ಮಾಡಿದೆ.

ಸಂಜೆಗೆ ಹೊಸ ಫ್ಲೆಕ್ಸ್ ಬಂತು. ಹುಡುಗಿ ಇದ್ದ ಜಾಗದಲ್ಲಿ ಅಭಿಮಾನಿ ಸಂಘದ ಅಧ್ಯಕ್ಷ ಕೈಮುಗಿದು ನಿಂತಿದ್ದ. ಮರುದಿನ ಹುಡುಗಿ ಅದರ ಮುಂದೆಯೇ ಬಸ್ ಹತ್ತಿದಳು. ಯಾರೂ ತಿರುಗಿ ನೋಡಲಿಲ್ಲ.

ಅವಳ ಗುರುತು ಸಿಗಬಾರದೆಂದು ಇಲ್ಲಿ ಊರು, ಶಾಲೆ ಬದಲಿಸಿ ಬರೆದಿದ್ದೇನೆ. ಊರವರಿಗೆ ನಾನು ಈಗಲೂ ‘ಬಾಸ್ ಕೈ ಕತ್ತರಿಸಿದ ಟೈಲರಮ್ಮ’. ಹಾಗೇ ಕರೆಯಲಿ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಚಿತ್ರದಲ್ಲಿನ ಒಂದು ಕೈಗೆ ಅಷ್ಟು ಜನ ಓಡಿ ಬಂದರು, ಆ ಮಗುವಿಗೆ ಒಬ್ಬನೂ ಬರಲಿಲ್ಲ.