ದೆವ್ವದ ಲಂಗಕ್ಕೆ ಅಳತೆ

ನನ್ನ ಅತ್ತಿಗೆ ಟೈಲರ್. ಹುಟ್ಟಿನಿಂದಲೇ ಎಡಗಾಲು ಗಿಡ್ಡ. ನಡೆದರೆ ಮೈ ಒಂದು ಕಡೆ ವಾಲುತ್ತದೆ. ಅದಕ್ಕೆ ಕೊರಗಿದವರಲ್ಲ. "ನಾನು ನಡೆದ್ರೆ ಬೀದಿನೇ ತಲೆದೂಗುತ್ತೆ" ಎನ್ನುತ್ತಾರೆ. ಇದು ನಡೆದಾಗ ಅಣ್ಣ ತೀರಿಕೊಂಡು ಎರಡು ವರ್ಷ ಆಗಿತ್ತು.

ನಾನು ಮನೆಗಳಿಗೆ ಬಣ್ಣ ಹೊಡೆಯುವವನು. ಹೋದ ವರ್ಷ ಸಿನಿಮಾದವರು ಕರೆದರು. ಹೊಸ ಗೋಡೆ ಹಳೆಯದಾಗಿ ಕಾಣಬೇಕಂತೆ. ಗೋಡೆ ಕೆಡಿಸಿ ಶಭಾಷ್ ಅನ್ನಿಸಿಕೊಂಡದ್ದು ಅದೇ ಮೊದಲು. ಬಟ್ಟೆ ಹೊಲಿಯಲು ಅತ್ತಿಗೆಯೂ ಬಂದರು.

ಕಥೆ ಹೀಗಿತ್ತು. ಗಂಡ ಸತ್ತ ಹೆಂಗಸು ಮನೆಯಲ್ಲಿ ಒಬ್ಬಳೇ. ದುಃಖದಲ್ಲಿ ಅವಳ ಮನಸ್ಸು ಕೆಡುತ್ತದೆ. ಕುಂಟುವ ದೆವ್ವವೊಂದು ಕಣ್ಣಿಗೆ ಬೀಳುತ್ತದೆ. ಆ ಹೆಂಗಸಿನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ದೆವ್ವದ ಭಾಗವನ್ನೇ ಮೊದಲು ತೆಗೆಯುತ್ತಿದ್ದರು.

ಅತ್ತಿಗೆ ದೆವ್ವದ ಇನ್ನೊಂದು ಲಂಗಕ್ಕೆ ಅಳತೆ ತೆಗೆಯಲು ಕೂತರು.

"ಯಾವ ಕಾಲು ಗಿಡ್ಡ?"

"ಅದ್ಯಾಕೆ?" ಎಂದಳು ದೆವ್ವದ ವೇಷದ ನಟಿ.

"ಆ ಕಡೆ ಅಂಚು ಜಾಸ್ತಿ ಮಡಿಸ್ಬೇಕಮ್ಮಾ. ಇಲ್ದಿದ್ರೆ ನೆಲ ಗುಡಿಸುತ್ತೆ. ನನ್ನ ಲಂಗ ನೋಡು."

ನಟಿ ಬಲ ಎಂದಳು. ಮೇಕಪ್ ಮಾಡುವವನು ಎಡ ಎಂದ. ಕ್ಯಾಮೆರಾದವನು ತಲೆ ಕೆರೆದುಕೊಂಡ. "ಬೆಳಿಗ್ಗೆ ಎಡ ಇತ್ತು. ಊಟ ಆದ್ಮೇಲೆ ಬಲ ಆಯ್ತು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೈರೆಕ್ಟರ್ ಮೇಡಂ ಮಾತ್ರ ಹಣೆ ಚಚ್ಚಿಕೊಂಡರು.

"ಮೇಡಂ, ದೆವ್ವ ಯಾಕೆ ಕುಂಟ್ಬೇಕು?" ಎಂದರು ಅತ್ತಿಗೆ.

"ನೋಡಿದೋರಿಗೆ ಭಯ ಆಗ್ಲಿ ಅಂತ ಅಕ್ಕಾ..." ಮೇಡಂ ಕಣ್ಣು ಅತ್ತಿಗೆಯ ಕಾಲಿನ ಮೇಲೆ ಬಿತ್ತು.

"ಈ ಸಿನಿಮಾ ನೋಡಿದ ಮಕ್ಕಳು ನನ್ನ ಕಂಡ್ರೆ ಓಡ್ಬೇಕಾ? ಕುಂಟೋರು ಅಂದ್ರೆ ದೆವ್ವ, ಇಲ್ಲಾ ಭಿಕ್ಷುಕರು. ಗಂಡನ್ನ ಕಳ್ಕೊಂಡೋಳು ಕುಂಟಬಾರದಾ?"

ನಗುನಗುತ್ತಲೇ ಕೇಳಿದರು. ಆದರೆ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು. ಮೇಡಂ ಅವತ್ತಿನ ಕೆಲಸವನ್ನೇ ನಿಲ್ಲಿಸಿದರು.

ಮರುದಿನ ಮೇಡಂ ಅತ್ತಿಗೆಯ ಟೈಲರ್ ಅಂಗಡಿಗೆ ಬಂದರು. "ಅಕ್ಕಾ, ದೆವ್ವ ಇನ್ಮೇಲೆ ನೆಟ್ಟಗೆ ನಡೆಯುತ್ತೆ. ಆ ಹೆಂಗಸಿನ ಪಾತ್ರ ನೀವು ಮಾಡ್ತೀರಾ?"

"ಅಯ್ಯೋ, ಮದುವೆ ಫೋಟೋದಲ್ಲೇ ನಾನು ಕಣ್ಣು ಮುಚ್ಚಿದೋಳು!" ಎಂದರು ಅತ್ತಿಗೆ. ಆದರೂ ಒಪ್ಪಿದರು.

ಅಳುವ ಸೀನು ಬಂತು. ಅಳು ಬರಲಿಲ್ಲ.

"ನಮ್ಮನೆಯವ್ರು ಹೋದಾಗ್ಲೂ ಅಳ್ಲಿಲ್ಲ ಮೇಡಂ. ಅವ್ರ ಅಂಗಿಗೆ ಒಂದು ಗುಂಡಿ ಇರ್ಲಿಲ್ಲ. ಹಾಕ್ದೆ. ಕಿತ್ತೆ. ಮತ್ತೆ ಹಾಕ್ದೆ. ಸಂಜೆತನಕ ಅದೇ."

ಇದು ನನಗೆ ಗೊತ್ತೇ ಇರಲಿಲ್ಲ.

"ಅದನ್ನೇ ಮಾಡಿ ಅಕ್ಕಾ" ಎಂದರು ಮೇಡಂ.

ಮಾಡಿದರು. ನಾನು ಹೊರಗೆ ಹೋಗಿ, ಬಣ್ಣ ಒಣಗಿದ್ದ ಗೋಡೆಗೇ ಮತ್ತೊಂದು ಸಲ ಬಣ್ಣ ಹೊಡೆದೆ.

ಸಿನಿಮಾ ಬಿಡುಗಡೆಯಾದ ದಿನ ಇಬ್ಬರೂ ಹಿಂದಿನಿಂದ ಮೂರನೇ ಸಾಲಿನಲ್ಲಿ ಕೂತೆವು. ದೆವ್ವ ನೆಟ್ಟಗೆ ನಡೆದು ಬಂತು. ಜನ ಕಿರುಚಿದರು. ಆಮೇಲೆ ಅತ್ತಿಗೆ ಪರದೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ಗಂಡನ ಅಂಗಿ ತೊಡೆಯ ಮೇಲೆ ಹಾಕಿಕೊಂಡು ಗುಂಡಿ ಹೊಲಿಯುತ್ತಾ ಕೂತರು. ಹಿಂದಿನ ಸೀಟಿನ ಅಜ್ಜಿ ಪಕ್ಕದವರಿಗೆ ಹೇಳಿದರು: "ಪಾಪ, ಗಂಡ ಅಂದ್ರೆ ಎಷ್ಟು ಜೀವ ನೋಡು ಇವಳಿಗೆ."

ಅತ್ತಿಗೆ ನನ್ನ ಪಕ್ಕೆಗೆ ತಿವಿದರು. "ಕೇಳ್ದೇನೋ? ಕಾಲಿನ ಸುದ್ದಿನೇ ಇಲ್ಲ!"

ಎಂದವರೇ ಎಷ್ಟು ಜೋರಾಗಿ ನಕ್ಕರೆಂದರೆ, ಮುಂದಿನ ಸಾಲಿನವರೆಲ್ಲ ಬೆಚ್ಚಿಬಿದ್ದು ಎದ್ದು ನಿಂತರು.