ಬಾಳೆಲೆಯ ಸುಬೇದಾರರು

ಕೊರೋನಾ ಕಳೆದ ಮರುವರ್ಷ ನಾನು ಕುಶಾಲನಗರದಲ್ಲಿ ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿಯಾಗಿದ್ದೆ. ಸುತ್ತಲಿನ ಶುಂಠಿ ಬೆಳೆಗಾರರದೊಂದು ವಾಟ್ಸಾಪ್ ಗ್ರೂಪ್ ಇತ್ತು. ಅಲ್ಲಿ ನನ್ನ ಮಾತಿಗಿಂತ ಹೆಚ್ಚು ನಡೆಯುತ್ತಿದ್ದುದು ಬಾಳೆಲೆ ಎಂಬ ಊರಿನ, ಸೇನೆಯಿಂದ ನಿವೃತ್ತರಾದ ಸುಬೇದಾರ್ ಅಯ್ಯಪ್ಪ ಎಂಬವರ ಮಾತು. ಡಿಪಿಯಲ್ಲಿ ಬಿಳಿ ಮೀಸೆ, ಎದೆಯ ಮೇಲೆ ಪದಕ. ಬೆಳಿಗ್ಗೆ ಎಲ್ಲರಿಗೂ ನಮಸ್ಕಾರ ಹೇಳುವರು, ಯಾರಿಗಾದರೂ ಜ್ವರ ಬಂದರೆ ವಿಚಾರಿಸುವರು.

ಶುಂಠಿ ಬೆಳೆದ ನೆಲಕ್ಕೆ ಮರುವರ್ಷ ಮತ್ತೆ ಶುಂಠಿ ಹಾಕಬಾರದು. ಕೊಳೆರೋಗ ಮಣ್ಣಿನಲ್ಲೇ ಉಳಿದಿರುತ್ತದೆ. ಅದಕ್ಕೇ ಜನ ವರ್ಷಕ್ಕೊಂದು ಕಡೆ ನೆಲ ಗುತ್ತಿಗೆ ಹಿಡಿಯುತ್ತಾರೆ. ಸುಬೇದಾರರೋ, ಒಂದು ಕಂಪನಿಯ ದ್ರಾವಣ ಸುರಿದು ಅದೇ ನೆಲದಲ್ಲಿ ನಾಲ್ಕನೇ ಬೆಳೆ ತೆಗೆದೆ ಎಂದು ಫೋಟೊ ಹಾಕಿದರು. ‘ನಮ್ಮಲ್ಲೂ ಸೂಪರ್ ರಿಸಲ್ಟ್’ ಎಂದು ಐದಾರು ಜನ ದನಿಗೂಡಿಸಿದರು. ಇದನ್ನು ನಂಬಬೇಡಿ ಎಂದು ನಾನು ಬರೆದೆ. ‘ಸರ್ಕಾರಿ ಸಂಬಳ ತಿನ್ನೋರಿಗೆ ರೈತನ ಕಷ್ಟ ಏನು ಗೊತ್ತು’ ಎಂದು ಅವರಲ್ಲೊಬ್ಬ ಹಂಗಿಸಿದ. ಮೈಯೆಲ್ಲ ಉರಿದುಹೋಯಿತು.

ಗ್ರೂಪಿನಲ್ಲಿದ್ದ ಮಂಜಣ್ಣನ ಮನೆಗೇ ಹೋದೆ. ಅವನ ತಂದೆ ಅರಕಲಗೂಡು ಕಡೆಯಿಂದ ಬಂದು ನೆಲೆಸಿದವರು. ಅವನಿಗಿದ್ದದ್ದು ಒಂದೇ ತುಂಡು ನೆಲ, ಹಿಂದಿನ ವರ್ಷ ಅದರಲ್ಲೇ ಶುಂಠಿ ತೆಗೆದಿದ್ದ. ಹೆಂಡತಿಗೆ ಹೃದಯದ ಆಪರೇಷನ್ ಆಗಿತ್ತು, ಬೇರೆ ನೆಲ ಹಿಡಿಯುವ ಶಕ್ತಿ ಇರಲಿಲ್ಲ.

“ಅಲ್ಲಿಗೇ ಮತ್ತೆ ಶುಂಠಿ ಹಾಕ್ಬೇಡ ಕಣೋ” ಎಂದೆ.

“ಮಿಲ್ಟ್ರೀಲಿದ್ದೋರು ಸುಳ್ಳು ಹೇಳ್ತಾರಾ ಸಾರ್?” ಎಂದ.

ಆ ದ್ರಾವಣ ಕೊಂಡು ಸುರಿದು, ಹಾಕಿಯೇ ಹಾಕಿದ. ಆಷಾಢದ ಮಳೆಗೆ ಎಲೆ ಹಳದಿಗಟ್ಟಿತು. ಗಡ್ಡೆ ಕೈಯಲ್ಲಿ ಹಿಡಿದರೆ ಪಿಚಕ್ಕೆಂದು ನೀರಾಗುತ್ತಿತ್ತು, ನಾತ ಅಂಗಳದವರೆಗೂ ಬರುತ್ತಿತ್ತು. ಸುಬೇದಾರರು ಫೋನ್ ಎತ್ತಲಿಲ್ಲ. ‘ಇನ್ನೊಂದು ಡೋಸ್ ಹಾಕು ಮಗನೇ’ ಎಂದು ಮೆಸೇಜ್ ಮಾತ್ರ ಬಂತು.

ನಾನು ಬಾಳೆಲೆಗೆ ಹೋಗಿ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯ ಹಿರಿಯರು ನನ್ನನ್ನೇ ಕೇಳಿದರು, “ಅಯ್ಯಪ್ಪ ಅಂದ್ರೆ ಯಾವ ಮನೆಯವ್ರು? ಮನೆ ಹೆಸರಿಲ್ದೆ ಕೊಡವರು ಎಲ್ಲಿದ್ದಾರೆ ಮಾರಾಯ್ರೆ?” ಕೊಡವರಲ್ಲದ ನಮ್ಮ ಗ್ರೂಪಿನವರಿಗಾಗಲಿ ನನಗಾಗಲಿ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಫೋಟೊ ತೋರಿಸಿದೆ. ಆ ಮೀಸೆಯನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಕೊನೆಗೆ ಕಂಪನಿಯ ಸೇಲ್ಸ್‌ನವನನ್ನು ಹಿಡಿದು ಕೂರಿಸಿದೆ. ಅವನು ನಾಚಿಕೆಯೇ ಇಲ್ಲದೆ ನಕ್ಕ. “ಅದು ಹೆಡ್ ಆಫೀಸಿನ ಮಾರ್ಕೆಟಿಂಗ್ ಟೀಮು ಸಾರ್. ಸೂಪರ್ ರಿಸಲ್ಟ್ ಅಂದೋರೂ ನಮ್ಮವ್ರೇ. ಕೊಡಗಿಗೆ ಮಿಲ್ಟ್ರಿ ಅಂಕಲ್, ಹಾಸನಕ್ಕೆ ರಿಟೈರ್ಡ್ ಮೇಷ್ಟ್ರು. ಜನ ಯಾರನ್ನ ನಂಬ್ತಾರೋ ಅವರನ್ನ ಇಡ್ತೀವಿ.” ಥೂ! ನಾನು ಮೇಲಿನವರಿಗೆ ದೂರು ಬರೆದೆ. ಕಂಪನಿ ಡಬ್ಬಿಯ ಹೆಸರು ಬದಲಿಸಿತು, ಅಷ್ಟೇ.

ನಿವೃತ್ತನಾದ ಮೇಲೂ ರೈತರಿಗೆ ಒಂದೇ ಮಾತು ಹೇಳುತ್ತೇನೆ: ಔಷಧಿ ಕೊಳ್ಳುವ ಮೊದಲು, ಅದನ್ನು ಹೊಗಳಿದವನ ಗದ್ದೆಗೆ ಹೋಗಿ ಕಾಲಿಟ್ಟು ಬನ್ನಿ. ಈ ಬುದ್ಧಿ ಬಂದದ್ದು ಮಂಜಣ್ಣನ ಬೆಳೆ ಹೋದ ಮೇಲೆ.

ಸುಬೇದಾರರೆಂಬವರೇ ಇಲ್ಲ ಎಂದು ಅವನಿಗೆ ನಾನೇ ಹೇಳಬೇಕಾಯಿತು. ಅವನು ಕಂಪನಿಯನ್ನು ಬೈಯಲಿಲ್ಲ, ಬೆಳೆಯ ಮಾತೂ ಎತ್ತಲಿಲ್ಲ. ಫೋನಿನಲ್ಲಿ ಹಳೆಯ ಮೆಸೇಜೊಂದನ್ನು ಹುಡುಕಿ ತೆಗೆದು ಕೇಳಿದ:

“ಹಂಗಾದ್ರೆ ಇವಳ ಆಪರೇಷನ್ ದಿನ ‘ಧೈರ್ಯವಾಗಿರು ಮಗನೇ, ನಾನಿದ್ದೀನಿ’ ಅಂತ ಹಾಕಿದ್ದು ಯಾರು ಸಾರ್?”